ತಡೀರಿ, ಹೇಳ್ತಾಳ

ಮಾತು ತಡವಾದ ಮಕ್ಕಳಿಗೆ ಮಾತು ಕಲಿಸುವುದು ನನ್ನ ಕಸುಬು. ಆದರೆ ದೊಡ್ಡವರ ಮುಂದೆ ನನ್ನದೇ ಮಾತು ಕೆಟ್ಟು ಮಾನ ಹೋಗುವ ಪ್ರಸಂಗಗಳು ಹೇಳಿ ಕಳಿಸಿದ ಹಾಗೆ ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಬೇರೆ ಕಸುಬಿನವರಿಗೆ ಇಷ್ಟು ಆಗುವುದಿಲ್ಲವೇನೋ. ಬಡಿಗನ ಕುರ್ಚಿ ಮುರಿದರೆ ಕುಳಿತವನಿಗೆ ಮಾತ್ರ ಗೊತ್ತು, ನನ್ನ ಕೆಲಸ ಕೆಟ್ಟರೆ ಓಣಿಗೆಲ್ಲ ಕೇಳಿಸುತ್ತದೆ.

ನನ್ನ ಊರು ಮುಧೋಳ. "ಇಂವ ಹುಟ್ಟಿದಾಗ ಅಳಲಿಲ್ಲ, ಭಾಷಣಾ ಮಾಡಿದಾ" ಎಂದು ನಮ್ಮವ್ವ ಇವತ್ತಿಗೂ ಹೇಳುತ್ತಾಳೆ. ಅಂಥವನು ಮೈಸೂರಿಗೆ ಹೋಗಿ ಮಾತಿನ ವಿದ್ಯೆಯನ್ನೇ ಓದಿ ಬಂದರೆ ಗತಿ ಏನು? ಬಿಜಾಪುರ ಜಿಲ್ಲೆ ಒಡೆದು ಬಾಗಲಕೋಟೆ ಜಿಲ್ಲೆಯಾಗಿ ಕೆಲವು ವರ್ಷಗಳಾಗಿದ್ದವು. ಜಮಖಂಡಿ ಬಸ್ ಸ್ಟ್ಯಾಂಡಿನ ಹತ್ತಿರ, ಕಾಳುಕಡಿ ಅಂಗಡಿಯ ಮೇಲೆ ಒಂದು ಖೋಲಿ ಹಿಡಿದೆ. ನನ್ನ ಆಸ್ತಿ ಎಂದರೆ ಒಂದು ಬಿಳಿ ಕೋಟು, ಒಂದು ಟೇಪ್ ರೆಕಾರ್ಡರು, ಬಿಡಿಸಿ ಜೋಡಿಸುವ ಒಂದು ಪ್ಲಾಸ್ಟಿಕ್ ಮಿದುಳು. ಆ ಮಿದುಳನ್ನು ನೋಡಿ ಅಂಗಡಿಯವರು "ಇದು ನಿಮ್ದೇನ್ರಿ?" ಎಂದು ಕೇಳಿದ್ದರು. ಹೌದು ಎಂದಿದ್ದೆ.

ಮೊದಲನೆಯ ರೋಗಿ

ಖೋಲಿ ತೆರೆದು ವಾರವಾದರೂ ಬಂದವರು ಇಬ್ಬರೇ. ಒಬ್ಬರು ಹಲ್ಲು ಕೀಳುತ್ತೀರಾ ಎಂದು ಕೇಳಿದರು, ಇನ್ನೊಬ್ಬರು ಬನಹಟ್ಟಿ ಬಸ್ಸು ಎಷ್ಟಕ್ಕೆ ಎಂದು ಕೇಳಿದರು. ಹೀಗಿರುವಾಗ ಒಂದು ಬೆಳಿಗ್ಗೆ ಧೋತರ ಉಟ್ಟು ರುಮಾಲು ಸುತ್ತಿದ ಒಬ್ಬ ಅಜ್ಜ ಮೆಟ್ಟಿಲು ಹತ್ತಿ ಬಂದು ನನ್ನೆದುರು ಕುಳಿತ.

"ಏನ್ ತೊಂದ್ರಿ ಅಜ್ಜಾರ?"

"ಮ್ಮ್."

"ಹೆಸರೇನ್ರಿ?"

"ಮ್ಮ್, ಮ್ಮ್" ಎಂದು ಕಿಟಕಿಯ ಕಡೆ ಕೈ ಮಾಡಿದ.

ನನಗೆ ಒಳಗೊಳಗೇ ಹಿಗ್ಗು. ಪುಸ್ತಕದಲ್ಲಿ ಓದಿದ್ದೆಲ್ಲ ಧೋತರ ಉಟ್ಟುಕೊಂಡು ಬಂದು ಎದುರು ಕುಳಿತಿತ್ತು! ಲಕ್ವಾ ಹೊಡೆದು ಮಾತು ಹೋಗಿದೆ, ಸಂಶಯವೇ ಇಲ್ಲ. ಪ್ಲಾಸ್ಟಿಕ್ ಮಿದುಳನ್ನು ಬಿಡಿಸಿಟ್ಟು, ಎಡಗಡೆಯ ಯಾವ ಭಾಗಕ್ಕೆ ಪೆಟ್ಟಾದರೆ ಮಾತು ಯಾಕೆ ನಿಲ್ಲುತ್ತದೆ ಎಂದು ವಿವರಿಸುತ್ತ ಹೋದೆ. ಅಜ್ಜ ಎರಡು ಸಲ ಎದ್ದು ಕಿಟಕಿಗೆ ಹೊರಟ. ಎರಡು ಸಲವೂ ಭುಜ ಹಿಡಿದು ಕೂಡಿಸಿದೆ. "ಗಾಬರಿ ಆಗಬ್ಯಾಡ್ರಿ, ಆರಾಮ ಆಗ್ತೈತಿ" ಎಂದು ಧೈರ್ಯವನ್ನೂ ಹೇಳಿದೆ. ಕೊನೆಗೆ "ಬಾಯಿ ತಗೀರಿ, ಆ ಅನ್ರಿ" ಎಂದೆ. ತಲೆ ಅಲ್ಲಾಡಿಸಿದ. ನಾನು ಮೆಲ್ಲಗೆ ಗದ್ದ ಒತ್ತಿದೆ.

ಅಜ್ಜ ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ಬಂದಿದ್ದ. ಅಷ್ಟು ಹೊತ್ತೂ ಪಾಪ ಉಗುಳುವುದಕ್ಕೆ ಜಾಗ ಹುಡುಕುತ್ತಿದ್ದ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ನನಗೂ ಗೊತ್ತಿತ್ತು, ಬಣ್ಣಗೆಡುವುದು ಎದುರಿಗಿದ್ದವನ ಕೋಟು ಎಂಬುದು ಗೊತ್ತಿರಲಿಲ್ಲ.

ಉಳಿದದ್ದನ್ನು ಕಿಟಕಿಯಿಂದ ಉಗುಳಿ ಬಂದು ಅಜ್ಜ ಹೇಳಿದ: "ರೋಗಿ ನಾ ಅಲ್ರಿ. ಮೊಮ್ಮಗಳು. ತಾಯಿ ಕೂಡ ಕೆಳಗ ನಿಂತಾಳ. ಡಾಕ್ಟರ ಹೆಂಗದಾರ ನೋಡಿ ಕರಕೊಂಡ ಬರೂನು ಅಂತ ನಾ ಮೊದಲ ಬಂದೆ."

"ಹೆಂಗದೀನ್ರಿ?" ಎಂದು ಕೋಟು ಒರೆಸಿಕೊಳ್ಳುತ್ತ ಕೇಳಿದೆ.

"ಛಲೋ ಅದೀರಿ. ಮಾತು ಕಲಸ್ತೀರಿ, ಅದರಾಗ ಸಂಶೆ ಇಲ್ಲ. ಕೇಳೂದು ನಿಮಗ ಯಾರರೆ ಕಲಸ್ಬೇಕು."

ಮಗ್ಗಕ್ಕೆ ಎಣ್ಣೆ

ಅವರು ಬನಹಟ್ಟಿಯ ನೇಕಾರರು. ಹುಡುಗಿಗೆ ಆರು ವರ್ಷ. ದುಂಡು ಮುಖ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಕಿವಿ ಚುರುಕು, ಒಳಗಿನ ಕೋಣೆಯಲ್ಲಿ ಯಾರಾದರೂ ಪೆಪ್ಪರಮಿಂಟಿನ ಕಾಗದ ಬಿಚ್ಚಿದರೆ ಹೊರಗಿನಿಂದ ಓಡಿ ಬರುತ್ತಿದ್ದಳಂತೆ. ಆದರೆ "ಅಡಗಿ ಮನ್ಯಾಗ ಹೋಗಿ ನೀರಿನ ತಂಬಿಗಿ ತಗೊಂಡ ಬಾ" ಎಂದರೆ ನಿಂತೇ ಬಿಡುವಳು. ಮಾತೂ ಅಷ್ಟೇ. ಬಾ, ಕೊಡು, ಒಲ್ಲೆ, ಇಷ್ಟರಲ್ಲೇ ಸಂಸಾರ.

ಹಿಂದಿನ ಜೂನಿನಲ್ಲಿ ಶಾಲೆಗೆ ಹಚ್ಚಲು ಹೋದಾಗ ಹೆಡ್ ಮಾಸ್ತರು ಹೆಸರು ಕೇಳಿದ್ದರು. ಸುಮ್ಮನೆ ನಿಂತಿದ್ದಳು. "ಇನ್ನೊಂದ ವರ್ಷ ಹೋಗ್ಲಿ. ಆಗೂ ಉತ್ತರಾ ಕೊಡದಿದ್ರ ಕಿವುಡರ ಸಾಲಿಗೆ ಹಾಕ್ರಿ" ಎಂದು ಕಳಿಸಿದ್ದರು. ಆ ಶಾಲೆ ಇದ್ದದ್ದು ದೂರದ ಊರಲ್ಲಿ, ಅಲ್ಲೇ ಉಳಿದು ಓದಬೇಕು. ಇದನ್ನು ಹೇಳುವಾಗ ಹುಡುಗಿಯ ತಾಯಿಗೆ ದುಃಖ ಒತ್ತರಿಸಿ ಬಂತು. "ಕಿವಿ ಕೇಳ್ತಾವರಿ ಆಕಿಗೆ. ಕಿವಿ ಕೇಳೂ ಕೂಸಿನ್ನ ಅಲ್ಲಿ ಹೆಂಗ ಬಿಟ್ಟ ಬರ್ಲಿ?" ಎಂದಳು. ಏನೇ ಆಗಲಿ, ಬರುವ ಜೂನಿಗೆ ಈ ಹುಡುಗಿ ಓಣಿಯ ಶಾಲೆಯಲ್ಲೇ ಕೂರಬೇಕು ಎಂದು ಅವತ್ತೇ ಹಟ ಹಿಡಿದೆ.

ತೊಂದರೆ ಕಿವಿಯದಲ್ಲ, ಮಿದುಳು ಮಾತನ್ನು ಹಿಡಿಯುವ ರೀತಿಯದು. ನಾವಾಡುವ ಒಂದೊಂದು ಸದ್ದೂ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುತ್ತದೆ. ಇವಳ ಮಿದುಳು ಮೊದಲ ಶಬ್ದವನ್ನು ಹಿಡಿದು ಜೋಡಿಸುವಷ್ಟರಲ್ಲಿ ನಾಲ್ಕನೆಯದು ದಾಟಿ ಹೋಗಿರುತ್ತದೆ. ಇಷ್ಟನ್ನೇ ಹೇಳಿ ಬಾಯಿ ಮುಚ್ಚಿದ್ದರೆ ಸಾಕಿತ್ತು. ನೇಕಾರರಿಗೆ ನೇಕಾರಿಕೆಯಲ್ಲೇ ತಿಳಿಸಬೇಕೆಂಬ ಹುರುಪು ಬಂತು.

"ನೋಡ್ರಿ, ಮಾತಂದ್ರ ನೂಲಿದ್ದಂಗ. ಮಿದುಳಂದ್ರ ಮಗ್ಗ. ನಿಮ್ಮ ಹುಡುಗಿ ಮಗ್ಗ ಕೆಟ್ಟಿಲ್ಲ, ಸಾವಕಾಶ ಓಡ್ತೈತಿ, ಅಷ್ಟ."

ಅಜ್ಜ ಮುಂದಕ್ಕೆ ಬಾಗಿದ. "ಸಾವಕಾಶ ಓಡ್ತೈತಿ?"

"ಹೌದ್ರಿ."

"ಬಿಗಿ ಆಗೇತೇನ್ರಿ?"

ಮಗ್ಗದ ಬಗ್ಗೆ ನನಗೆ ಗೊತ್ತಿದ್ದದ್ದು ಅದರಿಂದ ಸೀರೆ ಬರುತ್ತದೆ ಎಂಬುದಷ್ಟೇ. ಆದರೂ "ಹಂಗ ಅನಕೋರಿ" ಎಂದು ಗಂಭೀರವಾಗಿ ಹೇಳಿದೆ. ಅಜ್ಜ ಸೊಸೆಯ ಮುಖ ನೋಡಿದ, ಸೊಸೆ ಅಜ್ಜನ ಮುಖ ನೋಡಿದಳು. ಇಬ್ಬರಿಗೂ ಎಲ್ಲ ತಿಳಿದಂತೆ ಕಂಡಿತು. ವಿದ್ಯೆ ಜನರಿಗೆ ಮುಟ್ಟಿತು ಎಂದು ನಾನು ಬೀಗಿದೆ.

ಮುಂದಿನ ವಾರ ಬಂದಾಗ ಹುಡುಗಿಯ ತಲೆಯಿಂದ ಔಡಲೆಣ್ಣೆ ಹಣೆ, ಕೆನ್ನೆ ದಾಟಿ ಗದ್ದದ ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು. ಕಿವಿಗಳಲ್ಲಿ ಅರಳೆ, ಅದೂ ಎಣ್ಣೆಯಲ್ಲಿ ನೆನೆದದ್ದು. ನನ್ನ ಕುರ್ಚಿಯಲ್ಲಿ ಕೂತವಳು ಜಾರಿ ಎರಡು ಸಲ ಕೆಳಗಿಳಿದಳು.

ಅಜ್ಜ ಬೇಜಾರಿನಿಂದ ಹೇಳಿದ: "ನೀವ ಹೇಳಿದಂಗ ದಿನಾ ಮುಂಜಾನೆ ಸಂಜೀಕ ಎಣ್ಣಿ ಬಿಟ್ಟೇವ್ರಿ. ಮಗ್ಗ ಇನ್ನೂ ಸ್ಪೀಡ್ ಹಿಡದಿಲ್ಲ. ಬೆಲ್ಟ್ ಏನರೆ ಸಡ್ಲ ಆಗೇತೇನ್ ನೋಡ್ರಿ."

ಕರೆಂಟು ಹೋಗಲಿ, ದೇವರೇ

ಮನೆಯನ್ನೇ ನೋಡಿ ಬರೋಣವೆಂದು ಬನಹಟ್ಟಿಗೆ ಹೋದೆ. ಮನೆಗೆ ಅಂಟಿಕೊಂಡೇ ಪವರ್‌ಲೂಮಿನ ಷೆಡ್ಡು. ಓಣಿಯುದ್ದಕ್ಕೂ ಖಟಕ್ ಖಟಕ್ ಖಟಕ್. ಅಲ್ಲಿಯವರು ಮಾತಾಡುವುದು ಅರ್ಧ ತುಟಿಯಲ್ಲಿ, ಅರ್ಧ ಕೈಯಲ್ಲಿ. ಚಹಾ ಬೇಕೇ ಎಂದು ಕೇಳುವುದಕ್ಕೂ ಹೆಬ್ಬೆರಳು ಎತ್ತಿದರೆ ಸಾಕು. ಮೊದಲೇ ತಡವಾಗಿ ಮಾತು ಹಿಡಿಯುವ ಹುಡುಗಿ ಈ ಗದ್ದಲದಲ್ಲಿ ಮಾತನ್ನು ಹೆಕ್ಕಿಕೊಳ್ಳಬೇಕೆಂದರೆ ಹೇಗೆ?

"ಇಲ್ಲಿ ಸದ್ದಿಲ್ಲದ ಹೊತ್ತು ಯಾವುದ್ರಿ?" ಎಂದು ಕೂಗಿ ಕೇಳಿದೆ.

"ಕರೆಂಟ್ ಹೋದಾಗ್ರಿ" ಎಂದು ತಾಯಿ ಕೂಗಿ ಹೇಳಿದಳು.

ಸರಿ, ಅದೇ ಪಾಠದ ಹೊತ್ತು ಎಂದು ಗೊತ್ತು ಮಾಡಿದೆ. ಕರೆಂಟು ಹೋದ ಕೂಡಲೆ ಹುಡುಗಿಯ ಎದುರು ಕೂತು, ಮುಖ ನೋಡುತ್ತ, ಸಣ್ಣ ಸಣ್ಣ ಮಾತು ಆಡಬೇಕು. ಏನಾದರೂ ಕೇಳಿದರೆ ಅವಳು ಹೇಳುವ ತನಕ ಕಾಯಬೇಕು. ಮತ್ತೆ ಮತ್ತೆ ಕೇಳಬಾರದು, ಅವಳ ಉತ್ತರವನ್ನು ತಾವೇ ಹೇಳಿಬಿಡಬಾರದು. ಯಾರಾದರೂ ಅವಸರ ಮಾಡಿದರೆ ಕೈ ಎತ್ತಿ ತಡೆದು "ತಡೀರಿ, ಹೇಳ್ತಾಳ" ಎನ್ನಬೇಕು. ತಾಯಿ ಇದನ್ನು ದೇವರ ಮಾತಿನಂತೆ ಹಿಡಿದಳು. ಓಣಿಯವರೂ ಹಿಡಿದರು, ತುಸು ಹೆಚ್ಚಾಗಿಯೇ. ಕರೆಂಟು ಹೋದ ತಕ್ಷಣ ಮಗ್ಗ ಬಿಟ್ಟು ಬಂದು, ಸೆಲ್ಲು ಮುಗಿದ ಟೇಪಿನ ಹಾಗೆ "ತಂ...ಗೀ... ಊ...ಟಾ... ಆ...ತೇ...ನs..." ಎಂದು ಹತ್ತು ಮಂದಿ ಒಟ್ಟಿಗೇ ರಾಗ ಎಳೆಯತೊಡಗಿದರು. ಹುಡುಗಿ ಹೆದರಿ ಮಾಳಿಗೆ ಹತ್ತಿ ಕೂತಳು. ಸಾವಕಾಶ ಎಂದರೆ ಮಾತನ್ನು ಎಳೆಯುವುದಲ್ಲ, ನಡುವೆ ಬಿಡುವು ಕೊಡುವುದು ಎಂದು ಕರೆಂಟು ಹೋದಾಗ ಮಾಡಿ ತೋರಿಸಲು ನಾನು ಮತ್ತೆ ಹೋಗಬೇಕಾಯಿತು.

ಅವತ್ತು ಕರೆಂಟು ಹೋಗಲಿಲ್ಲ. ಬೆಳಿಗ್ಗೆ ಹೋದವನು ಉಪ್ಪಿಟ್ಟು ತಿಂದು, ಮಧ್ಯಾಹ್ನ ರೊಟ್ಟಿ ಉಂಡು, ಸಂಜೆ ಚುರಮುರಿ ತಿಂದು ಸುಮ್ಮನೆ ವಾಪಸು ಬಂದೆ. ನಾನು ಬಸ್ಸು ಹತ್ತುತ್ತಲೇ ಹೋಯಿತಂತೆ. ಮುಂದಿನ ಸಲವೂ ಇದೇ ಕಥೆ, ಅದರ ಮುಂದಿನ ಸಲವೂ ಇದೇ. ಇಡೀ ಬನಹಟ್ಟಿಯಲ್ಲಿ ಕರೆಂಟು ಹೋಗಲೆಂದು ದೇವರಿಗೆ ಕೈ ಮುಗಿದವನು ನಾನೊಬ್ಬನೇ, ದೇವರು ನೇಕಾರರ ಕಡೆ ಇದ್ದ.

ಕೊನೆಗೆ ಪಕ್ಕದ ಮನೆಯ ನೇಕಾರರು ಬಂದು ಮರ್ಯಾದೆಯಿಂದ ಕೇಳಿದರು: "ಸರ, ನಮ್ಮ ಓಣ್ಯಾಗ ಒಂದ ಖೋಲಿ ಖಾಲಿ ಐತಿ. ಬಾಡಿಗಿ ಏನ್ ಬ್ಯಾಡ. ಇಲ್ಲೇ ಬಂದ ಇದ್ದಬಿಡ್ರಲಾ. ನೀವಿದ್ರ ಮಗ್ಗ ನಿಂದ್ರಂಗಿಲ್ಲ."

ಕ್ಯಾಸೆಟ್ಟು

ದೀಪಾವಳಿ ಹೊತ್ತಿಗೆ ಹುಡುಗಿ ಎರಡೆರಡು ಶಬ್ದ ಕೂಡಿಸತೊಡಗಿದಳು. "ಅಜ್ಜಾ ಬಾ", "ಹಾಲ ಒಲ್ಲೆ". ಮನೆಯವರಿಗೆ ಇದನ್ನೆಲ್ಲ ಸಾಕ್ಷಿ ಸಮೇತ ತೋರಿಸಬೇಕೆಂದು ಒಂದು ದಿನದ ಪಾಠವನ್ನು ಟೇಪಿನಲ್ಲಿ ಹಿಡಿದೆ. ಮರುವಾರ ಅಜ್ಜನನ್ನೂ ತಾಯಿಯನ್ನೂ ಕೂಡಿಸಿ, ಫ್ಯಾನು ಆರಿಸಿ, ಗುಂಡಿ ಒತ್ತಿದೆ.

"ಇದೇನು ಪುಟ್ಟಿ? ಹೇಳು, ಇದೇನು? ನಾಯಿ! ಹೌದಲ್ಲ, ನಾಯಿ. ನಾಯಿ ಏನ್ ಮಾಡ್ತೈತಿ? ಬೊಗಳ್ತೈತಿ! ಶಾಬಾಸ್! ಮತ್ತ ಇದೇನು? ಹೇಳು ಹೇಳು. ಗಿಡಾ! ಶಾಣ್ಯಾಕಿ ನೋಡು!"

ನಾನು ಗಾಬರಿಯಿಂದ ಕ್ಯಾಸೆಟ್ಟು ಮುಂದಕ್ಕೆ ಓಡಿಸಿದೆ. ಅಲ್ಲೂ ನಾನೇ. ಬದಿ ತಿರುಗಿಸಿದೆ, ಅಲ್ಲೂ ನಾನೇ. ಒಂದೇ ಒಂದು ಕಡೆ ಹುಡುಗಿ "ನಾ..." ಎಂದಿದ್ದಳು. ಅದರ ಮೇಲೇ ನನ್ನ ಶಾಬಾಸು ಬಂದು ಕೂತಿತ್ತು. ಪ್ರಶ್ನೆ ನನ್ನದು, ಉತ್ತರ ನನ್ನದು, ಮೆಚ್ಚುಗೆಯೂ ನನ್ನದೇ. ಕಾಯಬೇಕು, ಕಾಯಬೇಕು ಎಂದು ಓಣಿಗೆಲ್ಲ ಉಪದೇಶ ಮಾಡಿ ಬಂದವನು ಅರೆಗಳಿಗೆ ಬಾಯಿ ಮುಚ್ಚಿರಲಿಲ್ಲ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎನ್ನುವುದು ಇದಕ್ಕೇ ಇರಬೇಕು. ಕಿವಿಯ ತುದಿಯವರೆಗೆ ಬಿಸಿಯಾಯಿತು.

ತಾಯಿ ನಗು ತಡೆಯಲು ಸೆರಗು ಬಾಯಿಗೊತ್ತಿಕೊಂಡಳು. ಅಜ್ಜ ಮಾತ್ರ ಕಣ್ಣು ಮುಚ್ಚಿ ಪೂರ್ತಿ ಕೇಳಿ, ತಲೆದೂಗಿ ಹೇಳಿದ:

"ಭಾಳ ಛಲೋ ಆತ್ರಿ ಡಾಕ್ಟರ. ಒಂದ ತೊದಲಿಲ್ಲ, ಒಂದ ತಡವರಿಕಿಲ್ಲ. ನಿಮ್ಮ ಮಾತು ಖರೇನs ಸುಧಾರಿಸೇತಿ."

ಬಸ್ಸಿನಲ್ಲಿ ಮೂಕ

ಅವತ್ತೇ ನಿಶ್ಚಯಿಸಿದೆ. ಕಾಯುವುದು ನನಗೆ ಬರುತ್ತಿಲ್ಲ ಎಂದರೆ, ತಮಗಾಗಿ ಯಾರೂ ಕಾಯದವರ ಕಷ್ಟ ನನಗೆ ಗೊತ್ತಿಲ್ಲ ಎಂದೇ ಅರ್ಥ. ಒಂದು ದಿನ ಆ ಹುಡುಗಿಯ ಹಾಗೆ ಇದ್ದು ನೋಡಬೇಕು. ಮುಧೋಳದಿಂದ ಜಮಖಂಡಿಗೆ ಹೋಗುವ ಬಸ್ಸು ಹತ್ತಿ, ಯಾರು ಏನೇ ಕೇಳಿದರೂ ಮನಸ್ಸಿನಲ್ಲಿ ಒಂದರಿಂದ ಹತ್ತರ ತನಕ ಎಣಿಸಿ ಆಮೇಲೆ ಬಾಯಿ ತೆರೆಯುವುದೆಂದು ಪಣ ತೊಟ್ಟೆ.

"ಎಲ್ಲಿಗ್ರೀ?" ಎಂದ ಕಂಡಕ್ಟರ್.

ಎಣಿಸತೊಡಗಿದೆ. ಮೂರಕ್ಕೆ ಬರುವಷ್ಟರಲ್ಲಿ "ಎಲ್ಲಿಗ್ರೀ?" ಎಂದು ಜೋರಾಗಿ ಕೇಳಿದ. ಮತ್ತೆ ಒಂದರಿಂದ ಸುರು ಮಾಡಿದೆ. "ಏ ಯಜಮಾನ್ರ, ಜಮಖಂಡೀಗೇನು?" ಎಂದು ಹಿಂದಿನವರು ಭುಜ ತಟ್ಟಿದರು. ಪಕ್ಕದವರು "ಕಿವಿ ಕೇಳಸಂಗಿಲ್ಲ ಕಾಣ್ತೈತಿ" ಎಂದರು. ಮುಂದಿನ ಸೀಟಿನ ಒಬ್ಬ ತಾಯಿ ಹೊರಳಿ ನೋಡಿ "ಪಾಪ, ಮೂಕ ಇರಬೇಕ್ರಿ" ಎಂದಳು. ಕಂಡಕ್ಟರ್ ಬಗ್ಗಿ, ಬೆರಳು ಕುಣಿಸಿ, ಕಿವಿಯ ಹತ್ತಿರ ಕೂಗಿದ. ಎಲ್ಲ ದಿಕ್ಕಿನಿಂದ ಮಾತು ಬಂದು ಬೀಳುತ್ತಿತ್ತು. ಯಾವುದನ್ನು ಹಿಡಿಯಲಿ, ಯಾವುದಕ್ಕೆ ಹೇಳಲಿ? ಖರೆ ಹೇಳುತ್ತೇನೆ, ನನಗೆ ನಿಜವಾಗಿಯೂ ಮಾತು ಬಾರದಂತಾಯಿತು. ಆ ಹುಡುಗಿ ಹೆಡ್ ಮಾಸ್ತರರ ಮುಂದೆ ಯಾಕೆ ಸುಮ್ಮನೆ ನಿಂತಿದ್ದಳು ಎಂಬುದು ಮೈಸೂರಿನಲ್ಲಿ ಅಷ್ಟು ಓದಿದರೂ ತಿಳಿದಿರಲಿಲ್ಲ, ಇಲ್ಲಿ ತಿಳಿಯಿತು. ಬಹಳ ಕೆಡುಕೆನಿಸಿತು.

ಅಷ್ಟರಲ್ಲಿ ಯಾರೋ ಎದ್ದು ಸೀಟು ಬಿಟ್ಟರು, ಯಾರೋ ಬಾಳೆಹಣ್ಣು ಕೊಟ್ಟರು. ಈಗ ಬಾಯಿ ಬಿಟ್ಟರೆ ಒದೆ ಗ್ಯಾರಂಟಿ. ಕೈ ಮುಗಿಯುತ್ತ, ಬಾಳೆಹಣ್ಣು ತಿನ್ನುತ್ತ ಜಮಖಂಡಿಯ ತನಕ ಮೂಕನಾಗಿಯೇ ಬಂದೆ.

ಮಾರನೆಯ ದಿನ ನನ್ನ ಖೋಲಿಗೆ ಒಬ್ಬ ತಾಯಿ ಹುಡುಕಿಕೊಂಡು ಬಂದಳು. ನೋಡಿದರೆ ಬಸ್ಸಿನ ಮುಂದಿನ ಸೀಟಿನವಳು! "ಸರ, ನೀವ ಮಾತು ಬರಸ್ತೀರಂತ. ನಿನ್ನಿ ಬಸ್ಸಿನ್ಯಾಗ ಒಬ್ಬ ಮೂಕ ಬಂದಿದ್ದ. ಥೇಟ್ ನಿಮ್ಮಂಗs ಅದಾನ. ಅಂಥವರಿಗೇನರೆ ಔಷಧ ಐತೇನ್ರಿ?"

ಹತ್ತರ ತನಕ ಎಣಿಸಿ ಹೇಳಿದೆ: "ಭಾಳ ಕಷ್ಟ ಐತವ್ವಾ."

ಶಾಲೆಯ ಬಾಗಿಲು

ಜೂನ್ ಬಂತು. ಹುಡುಗಿ ಈಗ ಮೂರು ನಾಲ್ಕು ಶಬ್ದ ಕೂಡಿಸುತ್ತಿದ್ದಳು. ಕಾದರೆ ಮಾತ್ರ. ಅವಸರ ಮಾಡಿದರೆ ಬಾಯಿಗೆ ಬೀಗ. ಹೆಡ್ ಮಾಸ್ತರು ಕಾಯುತ್ತಾರೆಯೇ, ಇಲ್ಲವೇ? ಎಲ್ಲವೂ ಅದರ ಮೇಲೆ ನಿಂತಿತ್ತು. ತಾಯಿ ಹಿಂದಿನ ದಿನದಿಂದ ಊಟ ಬಿಟ್ಟಿದ್ದಳಂತೆ. ನಾನು ಹೆಡ್ ಮಾಸ್ತರರಿಗೆಂದು ದೊಡ್ಡದೊಂದು ವಿವರಣೆ ತಯಾರು ಮಾಡಿ, ಪ್ಲಾಸ್ಟಿಕ್ ಮಿದುಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ.

ಶಾಲೆಯ ಬಾಗಿಲಲ್ಲಿ ಅಜ್ಜ ತನ್ನ ಸಂಚಿ ಬಿಚ್ಚಿದ. ನಾಲ್ಕು ಎಲೆಗೆ ಸುಣ್ಣ ಸವರಿ, ಅಡಿಕೆ ತುಂಬಿ, ಮಡಚಿ ನನ್ನ ಮುಂದೆ ಹಿಡಿದ.

"ನಾ ತಿನ್ನಂಗಿಲ್ರಿ ಅಜ್ಜಾರ."

"ಶುಭ ಕಾರ್ಯಕ್ಕ ಬಂದೀರಿ. ಇಲ್ಲ ಅನಬಾರದು. ಹಾಕ್ಕೋರಿ."

ಹಿರಿಯರ ಕೈ ಎಂದು ಬಾಯಿಗೆ ಹಾಕಿಕೊಂಡೆ. ಇನ್ನೊಂದು ಕೊಟ್ಟ, ಅದನ್ನೂ ತುರುಕಿಕೊಂಡೆ. ಬಾಯಿ ತುಂಬಿ ಗಲ್ಲ ಉಬ್ಬಿತು. ಅಜ್ಜ ಒಮ್ಮೆ ನನ್ನ ಮುಖ ನೋಡಿ, ಸಮಾಧಾನದಿಂದ "ಈಗ ನಡೀರಿ ಒಳಗ" ಎಂದ. ಮುದುಕನ ಲೆಕ್ಕಾಚಾರ ನನಗೆ ಹೊಳೆದದ್ದು ಒಳಗೆ ಹೋಗಿ ಕೂತ ಮೇಲೆ.

"ಏನ್ ತಂಗಿ, ನಿನ್ನ ಹೆಸರೇನ?" ಎಂದು ಹೆಡ್ ಮಾಸ್ತರು ಕೇಳಿದರು.

ಹುಡುಗಿ ಸುಮ್ಮನೆ ನಿಂತಳು. ಹೆಡ್ ಮಾಸ್ತರು ಮತ್ತೆ ಬಾಯಿ ತೆರೆದರು. ತಾಯಿ ಕೈ ಎತ್ತಿ ತಡೆದು "ತಡೀರಿ ಸರ, ಹೇಳ್ತಾಳ" ಎಂದಳು. ಅವರು ಕೈ ಕಟ್ಟಿ ಕೂತರು. ನನ್ನ ನಾಲಿಗೆ ಒಳಗೇ ಒದ್ದಾಡುತ್ತಿತ್ತು. ಎಲೆ ಅಡಿಕೆ ಇಲ್ಲದಿದ್ದರೆ ಅವಳ ಹೆಸರು, ಅವಳಪ್ಪನ ಹೆಸರು, ಅವಳ ಅಡ್ಡಹೆಸರು ಎಲ್ಲವನ್ನೂ ನಾನೇ ಹೇಳಿ, ಶಾಬಾಸೂ ಕೊಟ್ಟು ಮುಗಿಸಿರುತ್ತಿದ್ದೆ.

ಹುಡುಗಿ ತನ್ನ ಹೆಸರು ಹೇಳಿದಳು. ಸ್ಪಷ್ಟವಾಗಿ ಹೇಳಿದಳು.

"ಅಪ್ಪ ಏನ್ ಮಾಡ್ತಾನ?"

ಮತ್ತೆ ಎಲ್ಲರೂ ಕಾದೆವು.

"ಅಪ್ಪಾ... ಮಗ್ಗ ನಡಸ್ತಾನ್ರಿ."

ತಾಯಿಯ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ನನ್ನ ಕಣ್ಣಲ್ಲೂ ಬಂತು, ಅರ್ಧ ಆನಂದಕ್ಕೆ, ಅರ್ಧ ಸುಣ್ಣಕ್ಕೆ.

ಹೆಡ್ ಮಾಸ್ತರು ನನ್ನ ಕಡೆ ತಿರುಗಿದರು. "ಡಾಕ್ಟರ, ನೀವೇನಂತೀರಿ? ನಮ್ಮ ಸಾಲ್ಯಾಗ ನಡೀತೈತೇನು?"

ವರ್ಷವಿಡೀ ಕಾದ ಗಳಿಗೆ! ಎದ್ದು ನಿಂತೆ.

"ಮ್ಮ್."

"ಏನ್ರಿ?"

"ಮ್ಮ್, ಮ್ಮ್" ಎಂದು ಕಿಟಕಿಯ ಕಡೆ ಕೈ ಮಾಡಿದೆ.

"ಯಾಕ್ರಿ, ಏನಾತು? ಮಾತಾಡ್ರಿ! ನಾ ಕೇಳಿದ್ದು ತಿಳೀತಿಲ್ಲೊ?" ಎಂದು ಹೆಡ್ ಮಾಸ್ತರು ದನಿ ಏರಿಸಿದರು. ನಾನು ಬೆವರತೊಡಗಿದೆ. ಅಜ್ಜ ಮೇಲಿನ ಹಂಚು ನೋಡುತ್ತ ಕೂತಿದ್ದ.

ಹುಡುಗಿ ಅವರ ಮುಖ ನೋಡಿದಳು. ನನ್ನ ಉಬ್ಬಿದ ಗಲ್ಲ ನೋಡಿದಳು. ತನಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತೆಗೆದುಕೊಂಡಳು. ಆಮೇಲೆ ಅವ್ವನ ಹಾಗೆಯೇ ಪುಟ್ಟ ಕೈ ಎತ್ತಿ ಹೆಡ್ ಮಾಸ್ತರರನ್ನು ತಡೆದಳು.

"ತಡೀರಿ ಸರ. ಹೇಳ್ತಾರ."

ಹೆಡ್ ಮಾಸ್ತರು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿ, ಪೆನ್ನು ತೆರೆದು ಹುಡುಗಿಯ ಹೆಸರು ಬರೆದುಕೊಂಡರು. ಬರೆದು ಮುಗಿಸಿ, ನಗು ತಡೆಯಲಾರದೆ ಅಜ್ಜನನ್ನು ಕೇಳಿದರು: "ಇವರ ಹೆಸರೂ ಬರಕೊಳ್ಳೇನು?"

ಅಜ್ಜ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿ ಹೇಳಿದ:

"ಬ್ಯಾಡ ಬಿಡ್ರಿ ಸರ. ಇವರಿಗೆ ಇನ್ನೊಂದ ವರ್ಷ ಹೋಗ್ಲಿ."